ಸೆಕೆ ತಡೆಯುವುದು ಹೇಗೆ, ಘಟ್ಟ ಹತ್ತುವ ಮುಂಚೆ ನೋಡಬೇಕಾದ್ದು ಏನು

ಏಪ್ರಿಲ್ ಬಂತೆಂದರೆ ಮಂಗಳೂರು, ಉಡುಪಿ, ಕಾರವಾರದ ಮನೆಗಳಲ್ಲಿ ಎರಡೇ ಮಾತು. ಒಂದು, 'ಎಂತ ಸೆಕೆ ಮಾರಾಯ್ರೆ'. ಇನ್ನೊಂದು, 'ಘಟ್ಟದ ಮೇಲೆ ಒಂದು ಸೈಟು ತೆಗೊಂಡು ಹೋಗಿಬಿಡುವ'. ಎರಡರಲ್ಲೂ ಜನ ಎಡವುತ್ತಾರೆ. ಸೆಕೆ ತಡೆಯಲು ಕರಾವಳಿಗೆ ಆಗಿಬರದ ಯಂತ್ರ ತರುತ್ತಾರೆ. ಸೈಟನ್ನು ಡಿಸೆಂಬರಿನಲ್ಲಿ ನೋಡಿ ಡಿಸೆಂಬರಿನಲ್ಲೇ ಮುಂಗಡ ಕೊಟ್ಟು ಬರುತ್ತಾರೆ. ನಿವೃತ್ತಿಯ ದುಡ್ಡೆಲ್ಲ ಸುರಿದು ಮನೆ ಕಟ್ಟಿ, ಎರಡನೇ ಮಳೆಗಾಲಕ್ಕೆ ಬೀಗ ಜಡಿದು ಕೆಳಗೆ ಬಂದವರನ್ನು ಸಾಕಷ್ಟು ನೋಡಿದ್ದೇನೆ. ಅದಕ್ಕೇ ಈ ಲೇಖನ.

ಹಂತ 1: ಸರಿಯಾದ ಅಂಕಿ ನೋಡಿ

ಫೋನಿನ ಹವಾಮಾನ ಆ್ಯಪ್‌ನಲ್ಲಿ ಉಷ್ಣಾಂಶ ದೊಡ್ಡದಾಗಿ ಕಾಣುತ್ತದೆ, ಪಕ್ಕದಲ್ಲಿ ತೇವಾಂಶ ಶೇಕಡಾ ಇಷ್ಟು ಎಂದಿರುತ್ತದೆ. ಎರಡನ್ನೂ ಬಿಟ್ಟು ಕೆಳಗೆ ಹೋಗಿ. ಮೂಲೆಯಲ್ಲೆಲ್ಲೋ ಡ್ಯೂ ಪಾಯಿಂಟ್ ಎಂಬ ಅಂಕಿ ಇರುತ್ತದೆ. ಎಷ್ಟು ಡಿಗ್ರಿಗೆ ಇಳಿದರೆ ಗಾಳಿಯಲ್ಲಿನ ನೀರು ಇಬ್ಬನಿಯಾಗುತ್ತದೆ ಎಂಬ ಲೆಕ್ಕ ಅದು. ಗಾಳಿಯಲ್ಲಿ ನಿಜಕ್ಕೂ ಎಷ್ಟು ನೀರಿದೆ ಎಂದು ಹೇಳುವುದು ಅದೊಂದೇ. 16ರ ಒಳಗಿದ್ದರೆ ಹಾಯಾಗಿರುತ್ತದೆ. 21 ದಾಟಿದರೆ ಮೈ ಅಂಟಲು ಶುರು. 24ರ ಮೇಲೆ ಹೋದರೆ ಸುಮ್ನೆ ಕೂತಿದ್ದರೂ ಅಂಗಿ ಒದ್ದೆ.

ಏಕೆಂದರೆ ಬೆವರಿದ ಮಾತ್ರಕ್ಕೆ ಮೈ ತಣ್ಣಗಾಗುವುದಿಲ್ಲ, ಬೆವರು ಆರಬೇಕು. ಒಂದು ಲೀಟರ್ ಬೆವರು ಮೈಮೇಲೇ ಆರಿದರೆ ಸುಮಾರು 580 ಕಿಲೋ ಕ್ಯಾಲೊರಿ ಶಾಖ ಹೊರಹೋಗುತ್ತದೆ. ಅದೇ ಬೆವರು ತೊಟ್ಟಿಕ್ಕಿ ನೆಲಕ್ಕೆ ಬಿದ್ದರೆ ಲಾಭವಿಲ್ಲ, ಉಪ್ಪು ಮತ್ತು ನೀರು ಮಾತ್ರ ನಷ್ಟ.

ಮಂಗಳೂರಿನಲ್ಲಿ 33 ಡಿಗ್ರಿ, ತೇವಾಂಶ ಶೇ 65 ಇದ್ದಾಗ ಡ್ಯೂ ಪಾಯಿಂಟ್ 25ರ ಮೇಲೆ. ಕಲಬುರಗಿಯಲ್ಲಿ 40 ಡಿಗ್ರಿ, ಶೇ 20 ಇದ್ದರೆ 13ರ ಆಸುಪಾಸು. ಅಲ್ಲಿ ಬಿಸಿಲು ಸುಡುತ್ತದೆ, ಆದರೆ ನೆರಳಿಗೆ ಬಂದರೆ ಬೆವರು ಆರುತ್ತದೆ. ಇಲ್ಲಿ ನೆರಳಿಗೆ ಬಂದರೂ ಸೆಕೆ ಬಿಡುವುದಿಲ್ಲ. ಹವಾಮಾನ ಇಲಾಖೆ ಕೂಡ ಬಿಸಿಗಾಳಿಯನ್ನು ಗುರುತಿಸುವಾಗ ಬಯಲಿಗೆ 40 ಡಿಗ್ರಿಯ ಮಿತಿ ಇಟ್ಟು ಕರಾವಳಿಗೆ 37 ಇಟ್ಟಿದೆ.

ಹಂತ 2: ಮೈ

ಮಜ್ಜಿಗೆ, ಬೊಂಡ (ಎಳನೀರು), ಉಪ್ಪು ಹಾಕಿದ ಕುಚ್ಚಲಕ್ಕಿ ಗಂಜಿ, ಪುನರ್ಪುಳಿ ಶರಬತ್ತು. ಸಡಿಲ ಹತ್ತಿ ಬಟ್ಟೆ. ಮಲಗುವ ಮುಂಚೆ ತಣ್ಣೀರು ಸ್ನಾನ ಮಾಡಿ ಮೈ ಪೂರ್ತಿ ಒರೆಸಿಕೊಳ್ಳದೆ ಫ್ಯಾನಿನ ಕೆಳಗೆ ನಿಲ್ಲಿ. ಹೊರಗಿನಿಂದ ಬಂದವರ ಮೈ ಒಗ್ಗಲು ಒಂದೆರಡು ವಾರ ಬೇಕು, ಅಲ್ಲಿಯವರೆಗೆ ಬಿಸಿಲಲ್ಲಿ ಗೇಯಬೇಡಿ.

ಎರಡು ಎಚ್ಚರಿಕೆ. ತೊಡೆಸಂದಿ, ಸೊಂಟದಲ್ಲಿ ತುರಿಕೆಯಾದರೆ ಮೆಡಿಕಲ್ ಅಂಗಡಿಯವರು ತಕ್ಷಣ ಒಂದು ಟ್ಯೂಬ್ ಕೊಡುತ್ತಾರೆ. ಅದರಲ್ಲಿ ಸ್ಟೀರಾಯ್ಡ್ ಬೆರೆತಿರುವುದು ಜಾಸ್ತಿ. ಎರಡು ದಿನದಲ್ಲಿ ತುರಿಕೆ ನಿಂತಂತೆ ಕಾಣುತ್ತದೆ, ಆಮೇಲೆ ಹುಳುಕಡ್ಡಿ ದುಪ್ಪಟ್ಟು ಹರಡುತ್ತದೆ. ಚರ್ಮದ ಡಾಕ್ಟರಿಗೇ ತೋರಿಸಿ. ಇನ್ನೊಂದು, ಬಿಸಿಲಲ್ಲಿದ್ದವರ ಮಾತು ತೊದಲಿದರೆ, ಗೊಂದಲವಾದರೆ, ಮೈ ಕೆಂಡದಂತಿದ್ದರೆ ಅದು ಬರೀ ಸುಸ್ತಲ್ಲ. 108ಕ್ಕೆ ಫೋನ್ ಮಾಡಿ, ಮೈಮೇಲೆ ನೀರು ಸುರಿದು ಜೋರಾಗಿ ಗಾಳಿ ಹಾಕಿ, ಕಂಕುಳಿಗೆ ಐಸ್ ಇಡಿ. ಪ್ರಜ್ಞೆ ಇಲ್ಲದವರ ಬಾಯಿಗೆ ನೀರು ಹಾಕಬೇಡಿ.

ಹಂತ 3: ಮನೆ

'ಬೆಳಿಗ್ಗೆ ಕಿಟಕಿ ಮುಚ್ಚಿ, ರಾತ್ರಿ ತೆರೆಯಿರಿ' ಎಂಬ ಸಲಹೆಯನ್ನು ಎಲ್ಲರೂ ಓದಿರುತ್ತೀರಿ. ಒಣಹವೆಯ ಊರಿಗೆ ಅದು ಸರಿ. ಕಲಬುರಗಿ, ರಾಯಚೂರು, ಮೈಸೂರಿನಲ್ಲಿ ಹಾಗೇ ಮಾಡಿ. ಕರಾವಳಿಯಲ್ಲಿ ಹಾಗೆ ಮಾಡಿದರೆ ಅಡುಗೆಯ ಹಬೆ, ಸ್ನಾನದ ಹಬೆ, ಒಳಗೆ ಒಣಗಲು ಹಾಕಿದ ಬಟ್ಟೆಯ ನೀರು ಎಲ್ಲ ಮನೆಯೊಳಗೇ ಉಳಿಯುತ್ತದೆ. ಇಲ್ಲಿ ಸಮುದ್ರದ ಗಾಳಿ ಬೀಸುವುದೇ ಹಗಲಲ್ಲಿ, ಮಧ್ಯಾಹ್ನದ ಹೊತ್ತಿಗೆ, ಪಶ್ಚಿಮದಿಂದ. ಆಗ ಪಶ್ಚಿಮದ ಕಿಟಕಿ ತೆರೆದಿರಬೇಕು, ಎದುರು ದಿಕ್ಕಿನದ್ದೂ ತೆರೆದಿರಬೇಕು. ಬಿಸಿಲು ತಡೆಯಲು ಪರದೆಯನ್ನು ಕಿಟಕಿಯ ಹೊರಗೆ ಹಾಕಿ. ಬಿದಿರಿನ ಚಾಪೆ ಸಾಕು. ಒಳಗೆ ದಪ್ಪ ಪರದೆ ಹಾಕಿದರೆ ಶಾಖ ಆಗಲೇ ಗಾಜು ದಾಟಿ ಬಂದಾಗಿರುತ್ತದೆ, ಗಾಳಿ ಮಾತ್ರ ನಿಲ್ಲುತ್ತದೆ.

ಅಡುಗೆಮನೆಗೆ ಎಕ್ಸಾಸ್ಟ್ ಫ್ಯಾನ್ ಕಡ್ಡಾಯ. ರಾತ್ರಿ ಮಲಗುವ ಕೋಣೆಯ ನೆಲ ಒದ್ದೆ ಬಟ್ಟೆಯಲ್ಲಿ ಒರೆಸುವ ಅಭ್ಯಾಸ ಬಿಡಿ, ಆ ನೀರೆಲ್ಲ ಗಾಳಿಗೇ ಸೇರುತ್ತದೆ.

ಇನ್ನು ಮಾಡು, ಅಂದರೆ ಛಾವಣಿ. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದರು. ಆ ಹಂಚಿನ ಮಾಡಿನ ಸಂದುಗಳಲ್ಲಿ ಬಿಸಿ ಗಾಳಿ ಮೇಲಕ್ಕೆ ಹೋಗುತ್ತಿತ್ತು. ಆರ್‌ಸಿಸಿ ತಾರಸಿ ಹಗಲಿಡೀ ಬಿಸಿ ಹೀರಿ ರಾತ್ರಿ ಹತ್ತರ ನಂತರ ನಿಮ್ಮ ಮಂಚದ ಮೇಲೆ ಇಳಿಸುತ್ತದೆ. ತಾರಸಿಗೆ ಬಿಳಿ ಸುಣ್ಣ ಹೊಡೆಯಿರಿ, ಅಥವಾ ಮೇಲೊಂದು ಶೀಟಿನ ಮಾಡು ಹಾಕಿಸಿ. ಆದರೆ ನಾಲ್ಕೂ ಬದಿ ತೆರೆದಿರಬೇಕು. ದುಡ್ಡು ಹಾಕಿದ್ದೇವೆ ಅಂತ ಅದಕ್ಕೆ ಗೋಡೆ ಕಟ್ಟಿ ಬಾಡಿಗೆ ಕೋಣೆ ಮಾಡಿದರೆ ಮುಗಿಯಿತು, ಕೆಳಗಿನವರಿಗೂ ಉರಿ, ಮೇಲಿನವರಿಗೂ ಉರಿ.

ಹಂತ 4: ಯಂತ್ರ

ಏರ್ ಕೂಲರ್ ಕರಾವಳಿಗೆ ಬೇಡ. ಅದು ನೀರನ್ನು ಆವಿ ಮಾಡಿ ಗಾಳಿಗೆ ಬಿಡುವ ಯಂತ್ರ, ಇಲ್ಲಿನ ಗಾಳಿಗೆ ಬೇಡದ್ದೇ ಅದು. ಲಾವಂಚದ ತೆರೆಗೆ ನೀರು ಹಾಕುವುದೂ ಒಣ ಊರಿನ ಉಪಾಯ. ಆನ್‌ಲೈನಿನಲ್ಲಿ 'ಮಿನಿ ಏಸಿ' ಎಂದು ಮಾರುವ ಅಂಗೈಯಗಲದ ಡಬ್ಬಿಯೂ ಇದೇ ಜಾತಿ. ಅದಕ್ಕೆ ಕೊಡುವ ದುಡ್ಡಿಗೆ ಒಂದು ಬುಟ್ಟಿ ಬೊಂಡ ಬರುತ್ತದೆ.

ಫ್ಯಾನು ಬದಲಿಸುವುದಾದರೆ ಬಿಎಲ್‌ಡಿಸಿ ಎಂಬ ಮೋಟಾರಿನದ್ದು ತೆಗೆದುಕೊಳ್ಳಿ. ಹಳೆಯದು 75 ವ್ಯಾಟ್ ತಿನ್ನುವ ಕಡೆ ಇದಕ್ಕೆ 30ರ ಆಸುಪಾಸು ಸಾಕು. ಏಸಿ ಹಾಕಿಸುವವರು ಕೋಣೆಗೆ ತಕ್ಕದ್ದನ್ನೇ ಹಾಕಿಸಿ. ಹತ್ತು ಹನ್ನೆರಡು ಅಡಿಯ ಕೋಣೆಗೆ ಒಂದು ಟನ್ ಸಾಕು. ಅಂಗಡಿಯವರು ಒಂದೂವರೆ ಟನ್ ದಾಟಿಸಲು ನೋಡುತ್ತಾರೆ. ಜಾಸ್ತಿ ಟನ್ನಿನದು ಕೋಣೆಯನ್ನು ಬೇಗ ತಣಿಸಿ ನಿಂತುಬಿಡುತ್ತದೆ, ಗಾಳಿಯ ನೀರು ಹಿಂಡಲು ಅದಕ್ಕೆ ಸಮಯವೇ ಸಿಗುವುದಿಲ್ಲ. ಕೋಣೆ ತಣ್ಣಗಿದ್ದೂ ಜಿಗುಟು ಜಿಗುಟು. 2020ರಿಂದ ಹೊಸ ಏಸಿಗಳು ಆನ್ ಮಾಡಿದಾಗ ತಾವಾಗೇ 24 ಡಿಗ್ರಿಗೆ ಶುರುವಾಗುತ್ತವೆ, ಆಮೇಲೆ ಬೇಕಾದಷ್ಟಕ್ಕೆ ಬದಲಿಸಬಹುದು. ನನ್ನ ಕೇಳಿದರೆ 26ಕ್ಕೆ ಇಟ್ಟು ಫ್ಯಾನ್ ಹಾಕಿ. 18ಕ್ಕೆ ಇಟ್ಟು ಕಂಬಳಿ ಹೊದೆಯುವವರಿಗೆ ಏನು ಹೇಳುವುದು?

ಹಂತ 5: ಊರು ಆರಿಸುವುದು

ಎಲ್ಲರೂ ಕೈಸುಟ್ಟುಕೊಳ್ಳುವುದು ಇಲ್ಲೇ. ನಿಧಾನವಾಗಿ ಓದಿ.

ಮೊದಲು ಎತ್ತರ. ಸಾವಿರ ಮೀಟರ್ ಮೇಲೆ ಹೋದರೆ ಸರಾಸರಿ ಆರೂವರೆ ಡಿಗ್ರಿ ಕಡಿಮೆ. 'ಘಟ್ಟದ ಹತ್ತಿರ' ಎಂಬುದಕ್ಕೂ 'ಘಟ್ಟದ ಮೇಲೆ' ಎಂಬುದಕ್ಕೂ ಅಜಗಜಾಂತರ. ಪುತ್ತೂರು, ಸುಳ್ಯ, ಬೆಳ್ತಂಗಡಿ ಕಡೆ ಹಸಿರಿದೆ, ಬೆಟ್ಟ ಕಾಣುತ್ತದೆ, ಆದರೆ ಅವು ಇರುವುದು ಬುಡದಲ್ಲಿ. ಸಮುದ್ರದ ಗಾಳಿ ಅಲ್ಲಿಗೆ ತಲುಪುವ ಹೊತ್ತಿಗೆ ಸೋತಿರುತ್ತದೆ, ಬೇಸಿಗೆಯ ಹಗಲು ಮಂಗಳೂರಿಗಿಂತ ಜಾಸ್ತಿ ಕಾಯುತ್ತದೆ. ಶಿರಸಿ, ತೀರ್ಥಹಳ್ಳಿ 600 ಮೀಟರಿನ ಆಸುಪಾಸು. ಅಲ್ಲಿ ರಾತ್ರಿ ತಂಪು, ಏಪ್ರಿಲಿನ ಹಗಲು ಮಾತ್ರ ಬಿಸಿಯೇ. ಮೈಸೂರು 770, ಬೆಂಗಳೂರು 900ಕ್ಕೆ ಸ್ವಲ್ಪ ಮೇಲೆ, ಹಾಸನ, ಸಕಲೇಶಪುರ ಅದೇ ಸುಮಾರು. ಚಿಕ್ಕಮಗಳೂರು, ಮಡಿಕೇರಿ ಸಾವಿರ ದಾಟುತ್ತವೆ. ನನ್ನ ಗೆರೆ 900. ಅದಕ್ಕಿಂತ ಕೆಳಗೆ ಸೆಕೆ ತಪ್ಪಿಸಿಕೊಳ್ಳಲೆಂದೇ ಮನೆ ಮಾಡಬೇಡಿ, ಬೇರೆ ಕಾರಣ ಇದ್ದರೆ ಆ ಮಾತು ಬೇರೆ.

ಎತ್ತರ ಇದ್ದ ಮಾತ್ರಕ್ಕೆ ತಂಪು ಎಂದೂ ಅಲ್ಲ. ಬೆಂಗಳೂರಿನಲ್ಲಿ 2016ರ ಏಪ್ರಿಲಿನಲ್ಲಿ 39.2 ಡಿಗ್ರಿ ಆಗಿತ್ತು. 'ಅಲ್ಲಿ ಫ್ಯಾನೇ ಬೇಡ' ಎಂದು ಹೇಳುವ ಚಿಕ್ಕಪ್ಪಂದಿರು ಇನ್ನೂ ಇದ್ದಾರೆ. ಅವರು ಹೇಳುವುದು ಎಂಬತ್ತರ ದಶಕದ ಬೆಂಗಳೂರು. ಆದರೂ ಅಲ್ಲಿನ ಏಪ್ರಿಲಿನ ಮಧ್ಯಾಹ್ನ 34 ಡಿಗ್ರಿ ಇದ್ದು ತೇವಾಂಶ ಶೇ 25 ಇದ್ದರೆ ಡ್ಯೂ ಪಾಯಿಂಟ್ 11. ಉಷ್ಣಾಂಶ ಮಂಗಳೂರಿಗಿಂತ ಒಂದು ಡಿಗ್ರಿ ಜಾಸ್ತಿ, ಹಿಂಸೆ ಅರ್ಧ.

ಎರಡನೆಯದು, ರಾತ್ರಿ. ಮಧ್ಯಾಹ್ನದ ಗರಿಷ್ಠ ನೋಡಿ ಊರು ಆರಿಸಬೇಡಿ, ಬೆಳಗಿನ ಜಾವದ ಕನಿಷ್ಠ ನೋಡಿ. ಕರಾವಳಿಯಲ್ಲಿ ಏಪ್ರಿಲ್, ಮೇ ತಿಂಗಳ ರಾತ್ರಿ 25ರ ಕೆಳಗೆ ಇಳಿಯುವುದೇ ಕಷ್ಟ. ಮೈಯನ್ನು ಹಿಂಡುವುದು ಆ ನಿದ್ದೆಯಿಲ್ಲದ ರಾತ್ರಿಗಳೇ. ಬೆಳಗಿನ ಜಾವ 21, 22ಕ್ಕೆ ಇಳಿಯುವ ಊರಾದರೆ ಹಗಲು 34 ಇದ್ದರೂ ಬದುಕಬಹುದು.

ಮೂರನೆಯದು, ಮಳೆ. ಕರಾವಳಿಯವರು 'ನಮಗೆ ಮಳೆ ಹೊಸದಾ?' ಎನ್ನುತ್ತಾರೆ. ನಿಜ, ಮಂಗಳೂರಿನಲ್ಲೂ ವರ್ಷಕ್ಕೆ ಮೂರು ಮೀಟರಿಗಿಂತ ಜಾಸ್ತಿ ಸುರಿಯುತ್ತದೆ. ಆದರೆ ಇಲ್ಲಿ ಮಳೆ ಬಿಟ್ಟ ಅರ್ಧ ದಿನ ಬಿಸಿಲು ಬರುತ್ತದೆ. ಮಡಿಕೇರಿಯಲ್ಲಿ ಜುಲೈಯ ಮಂಜು ವಾರಗಟ್ಟಲೆ ಕದಲುವುದಿಲ್ಲ. 21 ಡಿಗ್ರಿ, ತೇವಾಂಶ ಶೇ 95. ಡ್ಯೂ ಪಾಯಿಂಟ್ 20, ಹಾಗಾಗಿ ಮೈ ಬೆವರುವುದಿಲ್ಲ. ಬಟ್ಟೆ ಒಣಗುವುದಿಲ್ಲ, ಅಷ್ಟೇ. ಚಪ್ಪಲಿ, ಬೆಲ್ಟು, ಪುಸ್ತಕ, ಹಾಸಿಗೆ ಎಲ್ಲಕ್ಕೂ ಬೂಸ್ಟು. ಗಂಟು ನೋವಿನವರಿಗೆ, ಉಬ್ಬಸದವರಿಗೆ ಇದು ಬೇಸಿಗೆಯ ಸೆಕೆಗಿಂತ ಕಷ್ಟ. ಇಲ್ಲಿ ತೇವಾಂಶದ ಶೇಕಡಾ ಲೆಕ್ಕ ಕೆಲಸಕ್ಕೆ ಬರುತ್ತದೆ ನೋಡಿ. ಮೈಗೆ ಡ್ಯೂ ಪಾಯಿಂಟ್ ನೋಡಿ, ಮನೆಯ ಸಾಮಾನಿಗೆ ಶೇಕಡಾ ನೋಡಿ.

ಹಾಗಾಗಿ ನನ್ನ ಆಯ್ಕೆ ಹಾಸನ. ಎತ್ತರ ಇದೆ, ಮಳೆ ಮಿತ. ಅಲ್ಲಿಂದ ನಲವತ್ತು ಕಿಲೋಮೀಟರ್ ಪಶ್ಚಿಮದ ಸಕಲೇಶಪುರಕ್ಕೆ ಹೋದರೆ ಮಳೆ ದುಪ್ಪಟ್ಟಿಗೂ ಮೇಲೆ. ಹಾಸನದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ, ಮಂಗಳೂರಿಗೂ ಬೆಂಗಳೂರಿಗೂ ರೈಲು ಇದೆ. ಕಾಫಿ ತೋಟದ ನೋಟ ಇಲ್ಲ ಎಂದು ಮೂಗು ಮುರಿಯುವವರು ಚಿಕ್ಕಮಗಳೂರಿನ ಪೇಟೆ ಬದಿ ನೋಡಲಿ. ನೋಟಕ್ಕೋಸ್ಕರ ಪೇಟೆಯಿಂದ ಹದಿನೈದು ಕಿಲೋಮೀಟರ್ ದೂರದ ಎಸ್ಟೇಟ್ ರಸ್ತೆಯಲ್ಲಿ ಮನೆ ಕಟ್ಟುವ ಅರವತ್ತು ದಾಟಿದವರನ್ನು ಕಂಡರೆ ನನಗೆ ಭಯ. ಜುಲೈ ರಾತ್ರಿ, ಮರ ಬಿದ್ದ ರಸ್ತೆ, ಎರಡು ದಿನದಿಂದ ಕರೆಂಟಿಲ್ಲ, ಎದೆನೋವು. ಆಗ ಏನು ಮಾಡುತ್ತೀರಿ?

ನಾಲ್ಕನೆಯದು, ಬಾಡಿಗೆಗೆ ಇದ್ದು ನೋಡಿ. ಮಾರ್ಚಿನಲ್ಲಿ ಹನ್ನೊಂದು ತಿಂಗಳ ಕರಾರು ಮಾಡಿಕೊಂಡರೆ ಏಪ್ರಿಲ್, ಜುಲೈ ಎರಡೂ ಒಳಗೆ ಬರುತ್ತವೆ. ಡಿಸೆಂಬರಿನಲ್ಲಿ ಯಾವ ಊರು ತಾನೇ ಚೆನ್ನಾಗಿರುವುದಿಲ್ಲ? ಅಷ್ಟು ದಿನ ಆಗದವರು ಜುಲೈಯಲ್ಲಿ ಒಂದು ವಾರವಾದರೂ ಇರಿ. ಹೋಂಸ್ಟೇಯಲ್ಲಿ ಬೇಡ, ಅಲ್ಲಿ ಬಟ್ಟೆ ಒಗೆದು ಒಣಗಿಸುವವರು ನೀವಲ್ಲ. ನಾಲ್ಕೈದು ನೂರು ರೂಪಾಯಿಗೆ ಉಷ್ಣಾಂಶ, ತೇವಾಂಶ ಎರಡನ್ನೂ ತೋರಿಸುವ ಪುಟ್ಟ ಮೀಟರ್ ಸಿಗುತ್ತದೆ. ಅದನ್ನು ಮಲಗುವ ಕೋಣೆಯಲ್ಲೇ ಇಡಿ.

ಹಂತ 6: ಜಾಗ ಮತ್ತು ಕಾಗದ

2018ರ ಆಗಸ್ಟಿನಲ್ಲಿ ಕೊಡಗಿನ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಕುಸಿದದ್ದು ನೆನಪಿರಬೇಕು, ಮಡಿಕೇರಿ–ಸಂಪಾಜೆ ರಸ್ತೆಯೇ ಬಂದ್ ಆಗಿತ್ತು. ಇಳಿಜಾರಿನ ಸೈಟು ನೋಡುವಾಗ ಹಿಂಬದಿಗೆ ಹೋಗಿ ನಿಲ್ಲಿ. ಜೆಸಿಬಿಯಲ್ಲಿ ಗುಡ್ಡವನ್ನು ನೇರ ಗೋಡೆಯಂತೆ ಕತ್ತರಿಸಿದ್ದರೆ, ಮಳೆನೀರು ಹರಿಯುತ್ತಿದ್ದ ತೋಡಿಗೆ ಮಣ್ಣು ತುಂಬಿ ಸಮ ಮಾಡಿದ್ದರೆ, ಮೇಲಿನ ಮರಗಳು ಒಂದೇ ಕಡೆ ವಾಲಿದ್ದರೆ, ಕ್ರಯದ ಮಾತೇ ಎತ್ತದೆ ಕಾರು ಹತ್ತಿ. ತಡೆಗೋಡೆ ಕಟ್ಟಿಸಿ ಕೊಡುತ್ತೇವೆ ಎಂಬ ಬಾಯಿಮಾತನ್ನು ನಂಬಬೇಡಿ.

ಕರ್ನಾಟಕದ ಭೂ ಸುಧಾರಣಾ ಕಾಯ್ದೆಗೆ 2020ರ ತಿದ್ದುಪಡಿ ಬಂದ ಮೇಲೆ ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು. ಆದರೆ ಬಡಾವಣೆಯ ಸೈಟಿಗೆ ಭೂ ಪರಿವರ್ತನೆ ಆಗಿದೆಯೇ ಎಂದು ನೋಡಲೇಬೇಕು. ಕೊಡಗಿನ ಜಮ್ಮಾ ಜಮೀನಿನಲ್ಲಿ ಕುಟುಂಬದ ಹಲವರ ಹಕ್ಕು ಇರುತ್ತದೆ, ಒಬ್ಬರ ಸಹಿ ಸಾಲದು. ಆ ಊರಿನ ವಕೀಲರಿಗೇ ತೋರಿಸಿ, ಮಾರುವವರು ಗೊತ್ತು ಮಾಡಿಕೊಟ್ಟ ವಕೀಲರಿಗಲ್ಲ.

ಹಂತ 7: ಸಾಮಾನು

ಏಸಿ ಕೆಳಗೇ ಮಾರಿಬಿಡಿ. ಪ್ಲೈವುಡ್ಡಿನ ಕಪಾಟು ಘಟ್ಟ ಹತ್ತಿಸಬೇಡಿ, ಉಬ್ಬಿಹೋಗುತ್ತದೆ, ಸ್ಟೀಲಿನದ್ದೇ ಒಳ್ಳೆಯದು. ಮಳೆ ಜಾಸ್ತಿ ಇರುವ ಕಡೆ ಹೋಗುವವರು ಮನೆಯ ಪ್ಲಾನಿನಲ್ಲೇ ಹಳೇ ಮಲೆನಾಡಿನ ಬಚ್ಚಲ ಒಲೆಗೆ ಜಾಗ ಇಡಿ, ಮೇಲೆ ಬಟ್ಟೆ ಒಣಗಿಸುವ ಗಳು ಕಟ್ಟಿಸಿ. ಎಂಜಿನಿಯರ್ 'ಸೋಲಾರ್ ಹಾಕೋಣ ಸಾರ್' ಎನ್ನುತ್ತಾರೆ. ಹಾಕಿಸಿ, ಆದರೆ ಜೂನಿನಿಂದ ಸೆಪ್ಟೆಂಬರಿನವರೆಗೆ ಅದರಲ್ಲಿ ಬಿಸಿನೀರು ಬರುವುದಿಲ್ಲ ಎಂದೇ ಲೆಕ್ಕ ಹಾಕಿ, ಸೌದೆಗೆ ಒಂದು ಕೊಟ್ಟಿಗೆ ಕಟ್ಟಿಸಿ.