ಲೈಪ್‌ಝಿಗ್‌ನ ಹತ್ತಿ ಗಿರಣಿ ನೋಡುವುದು ಹೇಗೆ?

ಜರ್ಮನಿಯಲ್ಲಿ ಇದ್ದೀರಾ, ಇಲ್ಲಾ ಬರ್ಲಿನ್ ಕಡೆ ಸುತ್ತಾಡಲು ಹೊರಟಿದ್ದೀರಾ? ಹಾಗಿದ್ದರೆ ಒಂದು ಶನಿವಾರವನ್ನು ಲೈಪ್‌ಝಿಗ್‌ನ ಸ್ಪಿನ್ನರೈಗೆ ಇಟ್ಟುಕೊಳ್ಳಿ. 1884ರಲ್ಲಿ ಶುರುವಾದ ಹತ್ತಿ ನೂಲಿನ ಗಿರಣಿ ಇದು. ಒಂದು ಕಾಲಕ್ಕೆ ಯುರೋಪ್ ಖಂಡದಲ್ಲೇ ಅತಿ ದೊಡ್ಡದು. ಈಗ ಅದೇ ಕೆಂಪು ಇಟ್ಟಿಗೆ ಕಟ್ಟಡಗಳಲ್ಲಿ ಕಲಾವಿದರ ಸ್ಟುಡಿಯೋಗಳು, ಗ್ಯಾಲರಿಗಳು, ಡಿಸೈನ್ ಕೆಲಸ ಮಾಡುವವರ ಕೋಣೆಗಳು ಇವೆ.

ಶನಿವಾರವೇ ಯಾಕೆ ಅಂದ್ರೆ, ಇಲ್ಲಿನ ಗ್ಯಾಲರಿಗಳು ಹೆಚ್ಚಾಗಿ ಮಂಗಳವಾರದಿಂದ ಶನಿವಾರದವರೆಗೆ ಮಾತ್ರ ತೆರೆದಿರುತ್ತವೆ. ಭಾನುವಾರ ಹೋದರೆ ಮುಚ್ಚಿದ ಬಾಗಿಲು ನೋಡಿ ಬರಬೇಕಾಗುತ್ತದೆ. ಲೈಪ್‌ಝಿಗ್ ಮುಖ್ಯ ನಿಲ್ದಾಣದಿಂದ ಎಸ್-ಬಾನ್ ಅನ್ನೋ ಲೋಕಲ್ ರೈಲು ಹತ್ತಿ ಪ್ಲಾಗ್‌ವಿಟ್ಸ್ ನಿಲ್ದಾಣದಲ್ಲಿ ಇಳಿಯಿರಿ, ಅಲ್ಲಿಂದ ನಡೆದೇ ಹೋಗಬಹುದು. ಗ್ಯಾಲರಿಗಳಿಗೆ ಟಿಕೆಟ್ ಇಲ್ಲ. ಬಾಗಿಲು ತಳ್ಳಿ ಒಳಗೆ ಹೋಗಿ, ಅಷ್ಟೇ. ಏನನ್ನೂ ಕೊಳ್ಳದಿದ್ದರೂ ಪರವಾಗಿಲ್ಲ, ಸಂಕೋಚ ಬೇಡ.

ಸೀದಾ ಚಿತ್ರಗಳ ಕಡೆ ಓಡಬೇಡಿ. ಮೊದಲು ಇಲ್ಲಿನ ಮಾಹಿತಿ ಕೇಂದ್ರ ಆರ್ಖಿವ್ ಮಾಸ್ಸಿವ್‌ಗೆ ಹೋಗಿ. ಗಿರಣಿಯ ಕಥೆ ಅಲ್ಲಿ ಸಿಗುತ್ತದೆ. ಸಾವಿರಾರು ಜನ ದುಡಿದ ಜಾಗ ಇದು, ಅವರಿಗಾಗಿ ಮನೆಗಳನ್ನೂ ಶಿಶುವಿಹಾರವನ್ನೂ ಕಂಪನಿಯೇ ಕಟ್ಟಿಸಿತ್ತು. ಆದರೆ ಆಗ ಜರ್ಮನಿಯ ವಸಾಹತಾಗಿದ್ದ ಪೂರ್ವ ಆಫ್ರಿಕಾದಲ್ಲಿ ಇದೇ ಕಂಪನಿ ಹತ್ತಿಯ ತೋಟಗಳನ್ನೂ ಮಾಡಿಸಿತ್ತು, ಆ ಮಾತನ್ನು ಬಿಟ್ಟು ಈ ಗೋಡೆಗಳ ಅಂದವನ್ನಷ್ಟೇ ಹೊಗಳುವುದು ನನಗೆ ಸರಿ ಕಾಣುವುದಿಲ್ಲ. ಎರಡನೇ ಮಹಾಯುದ್ಧದ ನಂತರ ಗಿರಣಿ ಸರ್ಕಾರದ ಕೈಗೆ ಹೋಯಿತು. ಎರಡು ಜರ್ಮನಿಗಳು ಒಂದಾದ ಮೇಲೆ, 1993ರ ಹೊತ್ತಿಗೆ, ನೂಲು ತೆಗೆಯುವ ಕೆಲಸ ನಿಂತಿತು.

ಆಗಲೇ ಕಲಾವಿದರು ಒಬ್ಬೊಬ್ಬರಾಗಿ ಬಂದರು. ಬಾಡಿಗೆ ಕಡಿಮೆ, ಜಾಗ ಜಾಸ್ತಿ, ದೊಡ್ಡ ಕಿಟಕಿಗಳಿಂದ ಒಳ್ಳೆ ಬೆಳಕು. ಭಾರದ ಯಂತ್ರಗಳನ್ನು ಹೊತ್ತ ನೆಲ ಎಷ್ಟು ದೊಡ್ಡ ಶಿಲ್ಪವನ್ನಾದರೂ ತಡೆಯುತ್ತದೆ. ಒಳಗೆ ಹೋದಾಗ ಚಾವಣಿಯ ಎತ್ತರ, ಕಂಬಗಳ ಸಾಲು ನೋಡಿ, ಇಲ್ಲಿನ ಕ್ಯಾನ್ವಾಸ್‌ಗಳು ಯಾಕೆ ಅಷ್ಟು ದೊಡ್ಡವು ಅಂತ ತಾನಾಗಿಯೇ ಅರ್ಥವಾಗುತ್ತದೆ. ಜರ್ಮನಿಯ ಹೆಸರಾಂತ ಚಿತ್ರಕಾರ ನಿಯೋ ರೌಖ್ ಚಿತ್ರ ಬಿಡಿಸುವುದು ಇಲ್ಲೇ. ಅವರ ಗ್ಯಾಲರಿ ಐಗನ್ ಪ್ಲಸ್ ಆರ್ಟ್ 2005ರಲ್ಲಿ ಇಲ್ಲಿಗೆ ಬಂತು, ಅದನ್ನು ತಪ್ಪಿಸಬೇಡಿ. ಆಮೇಲೆ ಹಾಲೆ 14. ಅದು ವ್ಯಾಪಾರಕ್ಕಲ್ಲದ ಕಲಾಕೇಂದ್ರ, ನಿಧಾನವಾಗಿ ನೋಡಿ.

ಸ್ಟುಡಿಯೋಗಳ ಬಾಗಿಲು ಮಾತ್ರ ಸುಮ್ನೆ ತಟ್ಟಬೇಡಿ. ಒಳಗೆ ಜನ ಕೆಲಸ ಮಾಡುತ್ತಿರುತ್ತಾರೆ, ಇದು ಮ್ಯೂಸಿಯಂ ಅಲ್ಲ ಅಲ್ವಾ. ಅವರನ್ನೇ ಕಂಡು ಮಾತಾಡಬೇಕು ಅಂದ್ರೆ ರುಂಡ್‌ಗಾಂಗ್ ನಡೆಯುವ ವಾರಾಂತ್ಯಕ್ಕೆ ಹೋಗಿ. ವಸಂತದಲ್ಲಿ ಒಮ್ಮೆ, ಶರತ್ಕಾಲದಲ್ಲಿ ಒಮ್ಮೆ ಗ್ಯಾಲರಿಗಳೆಲ್ಲ ಒಟ್ಟಿಗೆ ಹೊಸ ಪ್ರದರ್ಶನ ಶುರು ಮಾಡುತ್ತವೆ, ಹಲವು ಸ್ಟುಡಿಯೋಗಳೂ ತೆರೆದಿರುತ್ತವೆ. ಜನಜಂಗುಳಿ ಇರುತ್ತದೆ, ಬೆಳಿಗ್ಗೆಯೇ ಹೋಗುವುದು ಒಳ್ಳೆಯದು. ದಿನಾಂಕವನ್ನು ಸ್ಪಿನ್ನರೈ ವೆಬ್‌ಸೈಟಿನಲ್ಲಿ ನೋಡಿಕೊಂಡೇ ರೈಲಿನ ಟಿಕೆಟ್ ಮಾಡಿಸಿ.

ಕಾಲಿಗೆ ಶಕ್ತಿ ಉಳಿದಿದ್ದರೆ ವಾಪಸ್ ಬರುವಾಗ ನದಿ ದಂಡೆಯ ಬುಂಟ್‌ಗಾರ್ನ್‌ವೆರ್ಕೆಯನ್ನೂ ನೋಡಿ. ಅದೂ ನೂಲಿನ ಗಿರಣಿಯೇ, ಆದರೆ ಈಗ ಹೆಚ್ಚಿನ ಭಾಗ ವಾಸದ ಮನೆಗಳು. ಕಟ್ಟಡ ಚೆನ್ನಾಗಿ ಉಳಿದಿದೆ. ನನಗೆ ಮಾತ್ರ ಕೆಲಸದ ಸದ್ದು ಇನ್ನೂ ಇರುವ ಸ್ಪಿನ್ನರೈಯೇ ಜಾಸ್ತಿ ಇಷ್ಟ.