‘ಅಕಿರಾ’ ಸಂಗೀತವನ್ನು ನಾನು ಕೇಳಿದ ಬಗೆ

ಕತ್ಸುಹಿರೊ ಒಟೊಮೊ ನಿರ್ದೇಶಿಸಿದ ಜಪಾನಿ ಅನಿಮೇಷನ್ ಸಿನಿಮಾ ‘ಅಕಿರಾ’ ಬಂದದ್ದು 1988ರಲ್ಲಿ. ಆ ಸಿನಿಮಾದ ಚಿತ್ರಗಳ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ನನ್ನನ್ನು ಹೆಚ್ಚು ಹಿಡಿದಿಟ್ಟದ್ದು ಅದರ ಸಂಗೀತ. ಹತ್ತು ಭಾಗಗಳ ಆ ಆಲ್ಬಮ್ ಸುಮಾರು 70 ನಿಮಿಷ ಇದೆ. ಅದನ್ನು ಹಾಕಿಕೊಂಡು ಅಡುಗೆ ಮಾಡುವುದೋ ಲೆಕ್ಕ ಬರೆಯುವುದೋ ನನ್ನಿಂದ ಆಗಲೇ ಇಲ್ಲ. ಅದು ಪೂರ್ತಿ ಗಮನ ಕೇಳುತ್ತದೆ. ಹಾಗಾಗಿ ಅದನ್ನು ಕೇಳುವುದಕ್ಕೇ ಒಂದು ಕ್ರಮ ಮಾಡಿಕೊಂಡೆ.

ಮೊದಲ ನಿಯಮ: ಸಿನಿಮಾ ಪಕ್ಕಕ್ಕಿಟ್ಟು ಆಲ್ಬಮ್ ಮಾತ್ರ ಕೇಳುವುದು. ಅದಕ್ಕೆ ಕಾರಣವಿದೆ. ಸಾಮಾನ್ಯವಾಗಿ ದೃಶ್ಯಗಳು ಸಿದ್ಧವಾದ ಮೇಲೆ ಅದಕ್ಕೆ ತಕ್ಕಂತೆ ಹಿನ್ನೆಲೆ ಸಂಗೀತ ಕೂರಿಸುತ್ತಾರೆ. ಇಲ್ಲಿ ಚಿತ್ರ ಮುಗಿಯುವ ಮೊದಲೇ ಸಂಗೀತದ ಕೆಲಸ ನಡೆದಿತ್ತು. ಹಾಗಾಗಿ ಪ್ರತಿ ಭಾಗವೂ ತನ್ನ ಕಾಲ ಮೇಲೆ ತಾನು ನಿಲ್ಲುತ್ತದೆ. ಇದನ್ನು ಮಾಡಿದ್ದು ಗೇನೋ ಯಮಾಶಿರೋಗುಮಿ ಎಂಬ ದೊಡ್ಡ ತಂಡ. 1974ರಲ್ಲಿ ಶುರುವಾದ ಈ ತಂಡದವರು ಹೊಟ್ಟೆಪಾಡಿಗೆ ಬೇರೆ ಬೇರೆ ಉದ್ಯೋಗ ಮಾಡುತ್ತಾ ಹಾಡುತ್ತಿದ್ದವರು. ಮುಂದಾಳು ಶೋಜಿ ಯಮಾಶಿರೋ. ಅವರ ನಿಜ ಹೆಸರು ತ್ಸುತೊಮು ಓಹಾಶಿ, ವಿಜ್ಞಾನಿ.

ಎರಡನೆಯದು, ಮೂಲಗಳನ್ನು ಮೊದಲು ಕೇಳುವುದು. ನನಗೆ ಎಲ್ಲಕ್ಕಿಂತ ಜಾಸ್ತಿ ಉಪಯೋಗಕ್ಕೆ ಬಂದದ್ದು ಇದು. ‘ಕನೇಡಾ’ ಎಂಬ ಮೊದಲ ಭಾಗದಲ್ಲಿ ಗುಡುಗಿನಂಥ ಸದ್ದಿನ ನಂತರ ಬಿದಿರಿನ ವಾದ್ಯಗಳು ಶುರುವಾಗುತ್ತವೆ. ಅದು ಇಂಡೋನೇಷ್ಯಾದ ಬಾಲಿ ದ್ವೀಪದ ಪಶ್ಚಿಮ ಭಾಗದ ಜೆಂಬ್ರಾನಾ ಕಡೆಯ ಜೆಗೋಗ್. ದೊಡ್ಡ ದೊಡ್ಡ ಬಿದಿರಿನ ಕೊಳವೆಗಳನ್ನು ಬಡಿದು ನುಡಿಸುತ್ತಾರೆ, ನಾಲ್ಕೇ ಸ್ವರ. ಅದರ ಮೇಲೆ ‘ರಸ್ಸೆರಾ, ರಸ್ಸೆರಾ’ ಎಂಬ ಕೂಗು ಬರುತ್ತದೆ. ಅದು ಉತ್ತರ ಜಪಾನಿನ ಅಓಮೊರಿಯಲ್ಲಿ ಆಗಸ್ಟ್ ತಿಂಗಳಲ್ಲಿ ನಡೆಯುವ ನೆಬುತ ಹಬ್ಬದ ಕೂಗು. ಒಳಗೆ ದೀಪ ಹೊತ್ತಿಸಿದ ಭಾರಿ ಕಾಗದದ ಬೊಂಬೆಗಳನ್ನು ಮೆರವಣಿಗೆ ಮಾಡುವಾಗ ಜನ ಹೀಗೆ ಕೂಗುತ್ತಾ ಕುಣಿಯುತ್ತಾರೆ. ಬರೀ ಜೆಗೋಗ್, ಬರೀ ನೆಬುತ ಧ್ವನಿಮುದ್ರಣಗಳನ್ನು ಹುಡುಕಿ, ಕಿವಿಗೆ ಗುರುತು ಸಿಗುವವರೆಗೆ ಕೇಳಿದೆ. ಆಮೇಲೆ ‘ಕನೇಡಾ’ಗೆ ಮರಳಿದಾಗ ಎರಡು ಊರುಗಳು ಒಟ್ಟಿಗೆ ಸೇರಿರುವುದು ಬೇರೆ ಬೇರೆಯಾಗಿ ಕೇಳಿಸಿತು.

ಮೂರನೆಯದು ಕೈಗೆ ಕೆಲಸ ಕೊಡುವುದು. ಬಾಲಿಯ ಸಂಗೀತದಲ್ಲಿ ಒಂದು ವೇಗದ ಸಾಲನ್ನು ಇಬ್ಬರು ಹಂಚಿಕೊಳ್ಳುತ್ತಾರೆ. ಒಬ್ಬ ಬಿಟ್ಟ ಜಾಗದಲ್ಲಿ ಇನ್ನೊಬ್ಬ ಬಡಿಯುತ್ತಾನೆ. ಕೆಚಾಕ್ ಎಂಬ ಅಲ್ಲಿನ ನೃತ್ಯನಾಟಕದಲ್ಲಿ ಇದೇ ಕೆಲಸವನ್ನು ಗುಂಪಾಗಿ ಕೂತ ಗಂಡಸರು ‘ಚಕ್ ಚಕ್’ ಎಂದು ಬಾಯಲ್ಲೇ ಮಾಡುತ್ತಾರೆ. ಅದರ ಕಥೆ ರಾಮಾಯಣದ್ದು, ಆ ಗುಂಪು ಕಪಿಸೇನೆ ಎಂದು ತಿಳಿದಾಗ ನನಗೆ ಆದ ಖುಷಿ ದೊಡ್ಡದು. ಇಂಥ ಹೆಣಿಗೆಯನ್ನು ಕಲಿಯಲು ‘ಡಾಲ್ಸ್ ಪಾಲಿಫನಿ’ ಆರಿಸಿಕೊಂಡೆ. ಸುಮಾರು 3 ನಿಮಿಷ, ಬರೀ ದನಿಗಳ ಆಟ. ಒಂದು ದನಿಯನ್ನು ಮಾತ್ರ ಹಿಡಿದು ತೊಡೆಯ ಮೇಲೆ ಬೆರಳಿನಿಂದ ಅದನ್ನೇ ತಟ್ಟುತ್ತಾ ಹೋದೆ. ಮುಂದಿನ ಸಲ ಇನ್ನೊಂದು ದನಿ. ಇದಕ್ಕೆ ಹೆಡ್‌ಫೋನ್ ಬೇಕೇ ಬೇಕು. ಎಡ ಬಲ ಬೇರೆಯಾದರೆ ಹಿಡಿಯುವುದು ಸುಲಭ.

ಶ್ರುತಿಯ ವಿಷಯಕ್ಕೆ ಬಂದರೆ, ತಂಬೂರಿ ಕೇಳಿ ಬೆಳೆದ ಕಿವಿಗೆ ಗಮೆಲಾನ್, ಅಂದರೆ ಬಾಲಿಯ ಕಂಚಿನ ಬಡಿವ ವಾದ್ಯಗಳ ಮೇಳ, ಸ್ವಲ್ಪ ಕಷ್ಟ. ಅಲ್ಲಿ ಜೋಡಿ ವಾದ್ಯಗಳನ್ನು ಬೇಕೆಂದೇ ಒಂದು ಕೂದಲೆಳೆ ಆಚೀಚೆ ಇಟ್ಟಿರುತ್ತಾರೆ. ಎರಡನ್ನೂ ಒಟ್ಟಿಗೆ ನುಡಿಸಿದಾಗ ನಾದ ನಡುಗುತ್ತದೆ. ನಾವಾದರೆ ಶ್ರುತಿ ಸೇರಿಲ್ಲ ಅನ್ನುತ್ತೇವೆ, ಅಲ್ವಾ? ಷಡ್ಜ ಹುಡುಕುವುದನ್ನು ಬಿಟ್ಟು, ಆ ನಡುಕ ಎಷ್ಟು ವೇಗವಾಗಿದೆ ಎಂದು ಗಮನಿಸತೊಡಗಿದೆ. ಆಗ ಆ ಸಂಗೀತಕ್ಕೆ ಜೀವ ಎಲ್ಲಿಂದ ಬರುತ್ತದೆ ಎಂದು ಗೊತ್ತಾಯಿತು. ಈ ತಂಡದವರು ತಮ್ಮ ಸಿಂಥಸೈಜರ್‌ಗಳನ್ನೂ ಗಮೆಲಾನ್ ಶ್ರುತಿಗೆ ಹೊಂದಿಸಿಕೊಂಡಿದ್ದರು. ಈ ದಾರಿಯನ್ನು 1986ರ ‘ಎಕೋಫೊನಿ ರಿನ್ನೆ’ ಆಲ್ಬಮ್‌ನಲ್ಲೇ ಹಿಡಿದಿದ್ದರು. ಅದನ್ನೂ ಜೊತೆಗೆ ಕೇಳಿ.

ಫೋನಿನ ಸ್ಪೀಕರ್‌ನಲ್ಲಿ ಮಾತ್ರ ಬೇಡ. ಜೆಗೋಗ್‌ನ ತಗ್ಗಿನ ನಾದ ಅದರಲ್ಲಿ ಬರುವುದೇ ಇಲ್ಲ. ಬಾಸ್ ಹೆಚ್ಚಿಸುವ ಬಟನ್ ಆಫ್ ಇಡಿ. ಮೆಲ್ಲನೆಯ ಜಾಗಕ್ಕೆ ತಕ್ಕಂತೆ ವಾಲ್ಯೂಮ್ ಏರಿಸಬೇಡಿ, ಹಿಂದೆಯೇ ದೊಡ್ಡ ಹೊಡೆತ ಬರಬಹುದು. ಇನ್ನು ಓಹಾಶಿಯವರ ಸಂಶೋಧನೆ ಇದೆ. ಕಿವಿಗೆ ಕೇಳಿಸದ ಎತ್ತರದ ಕಂಪನಗಳೂ ಮಿದುಳಿನ ಮೇಲೆ ಪರಿಣಾಮ ಮಾಡುತ್ತವೆ ಎಂದು ಅವರ ತಂಡ 2000ದಲ್ಲಿ ಪ್ರಬಂಧ ಪ್ರಕಟಿಸಿತು. ಆ ಪ್ರಯೋಗಕ್ಕೂ ಗಮೆಲಾನ್ ಸಂಗೀತವನ್ನೇ ಬಳಸಿದ್ದರು. ಸಿಡಿಯಲ್ಲಿ ಸುಮಾರು 22 ಕಿಲೋಹರ್ಟ್ಸ್‌ಗಿಂತ ಮೇಲಿನದು ಉಳಿಯುವುದಿಲ್ಲ. ಅದಕ್ಕೇ ಸಿನಿಮಾದ ಬ್ಲೂ-ರೇಯಲ್ಲಿ 192 ಕಿಲೋಹರ್ಟ್ಸ್ ದರದಲ್ಲಿ, ಅಂದರೆ ಸೆಕೆಂಡಿಗೆ 1,92,000 ಸಲ ಅಳೆದು ದಾಖಲಿಸಿದ ಧ್ವನಿ ಕೊಟ್ಟರು. ಈ ವಾದವನ್ನು ಒಪ್ಪದ ಸಂಶೋಧಕರೂ ಇದ್ದಾರೆ. ಇದಕ್ಕೋಸ್ಕರ ದುಬಾರಿ ಉಪಕರಣ ಕೊಳ್ಳಬೇಕಿಲ್ಲ ಎಂಬುದು ನನ್ನ ಅಭಿಪ್ರಾಯ. ಒಂದು ಜೊತೆ ಒಳ್ಳೆಯ ಸ್ಪೀಕರ್ ಸಾಕು.

‘ಶೋಮ್ಯೋ’ ಭಾಗಕ್ಕೆ ಬೆರಳು ತಟ್ಟುವುದು ಉಪಯೋಗವಿಲ್ಲ. ಅದು ಜಪಾನಿನ ಬೌದ್ಧ ಭಿಕ್ಷುಗಳ ಪಠಣದ ಶೈಲಿ. ಅಲ್ಲಿ ಉಸಿರನ್ನು ಹಿಂಬಾಲಿಸಬೇಕು. ಸಾಲು ಎಲ್ಲಿ ಮುಗಿಯಿತು, ಮುಂದಿನವರು ಎಲ್ಲಿ ಹಿಡಿದರು ಎಂದು. ‘ಇಲ್ಯೂಷನ್’ ಎಲ್ಲಕ್ಕಿಂತ ಕಠಿಣ. ಸುಮಾರು 14 ನಿಮಿಷ, ಜಪಾನಿನ ಹಳೆಯ ರಂಗಕಲೆಯಾದ ‘ನೋ’ ನಾಟಕದ ರೀತಿಯ ಕೂಗು, ಚರ್ಮವಾದ್ಯದ ಪೆಟ್ಟು, ನಡುವೆ ಉದ್ದದ ಖಾಲಿ ಜಾಗ. ಅದನ್ನು ತುಂಡು ಮಾಡಿ ಕೇಳಿದರೆ ಏನೂ ಸಿಗುವುದಿಲ್ಲ. ಕೂತರೆ ಪೂರ್ತಿ ಕೂರಬೇಕು.

ಇಷ್ಟಾದ ಮೇಲೆ ಸಿನಿಮಾ ಮತ್ತೆ ನೋಡಿದೆ. ನಗರ ನಾಶವಾಗುವ ಮೊದಲ ದೃಶ್ಯಕ್ಕೆ ಸಂಗೀತವೇ ಇಲ್ಲ ಎಂಬುದು ಆಗ ಎದ್ದು ಕಂಡಿತು. ಆಟಿಕೆಗಳು ಕಥೆಯ ಮುಖ್ಯ ಪಾತ್ರವಾದ ತೆತ್ಸುವೊ ಮೇಲೆ ಬೀಳುವ ಕಡೆ ‘ಡಾಲ್ಸ್ ಪಾಲಿಫನಿ’ ಬಂದಾಗ, ನಾನು ತಟ್ಟುತ್ತಿದ್ದ ದನಿಯನ್ನು ಕೈ ತಾನಾಗಿ ಹಿಡಿಯಿತು. ಬೈಕುಗಳ ಕಾಳಗದಲ್ಲಿ ಎಂಜಿನ್ ಸದ್ದಿನ ಜೊತೆ ಮನುಷ್ಯರು ಏದುಸಿರು ಬಿಡುವ ತಾಳವೂ ಇದೆ. ಬರೀ ಸಿನಿಮಾ ನೋಡುತ್ತಿದ್ದ ದಿನಗಳಲ್ಲಿ ನಾನು ಅದನ್ನು ಕೇಳಿಸಿಕೊಂಡಿರಲೇ ಇಲ್ಲ.