ವ್ಯಾಕ್ಯೂಮ್ ಕ್ಲೀನರಿನ ಗಾಳಿ ಎಲ್ಲಿ ಸೋರುತ್ತಿದೆ? ಮನೆಯಲ್ಲೇ ಅಳೆಯಿರಿ

ಕಪಾಟು ಕೂರಿಸುವವರು ಗೋಡೆ ಕೊರೆದು ಬೀಳಿಸಿದ ಪುಡಿಯನ್ನೆಲ್ಲ ನಾನೇ ವ್ಯಾಕ್ಯೂಮ್ ಕ್ಲೀನರಿನಿಂದ ಎಳೆದೆ. ಅದು ನನ್ನ ತಪ್ಪು. ಆಮೇಲೆ ಆ ಯಂತ್ರ ಜಮಖಾನದ ಮೇಲೆ ಬಿದ್ದ ಅವಲಕ್ಕಿಯನ್ನೂ ಎತ್ತದಾಯಿತು. ರಿಪೇರಿಗೆ ಬಂದ ಹುಡುಗ ಕೊಳವೆಯ ಬಾಯಿಗೆ ಅಂಗೈ ಒತ್ತಿ, "ಮೋಟಾರು ಹೋಗಿದೆ ಅಮ್ಮ, 2,800 ಆಗುತ್ತದೆ" ಎಂದ. ಪಾಲಿಟೆಕ್ನಿಕ್ಕಿನ ಹೈಡ್ರಾಲಿಕ್ಸ್ ಪ್ರಯೋಗಾಲಯದಲ್ಲಿ ಮೂವತ್ತು ವರ್ಷ ಒತ್ತಡ ಅಳೆಯುವ ಮ್ಯಾನೋಮೀಟರ್ ಓದಿಸಿದ ನನಗೆ ಅಂಗೈಯ ಅಳತೆ ಒಪ್ಪಿಗೆಯಾಗಲಿಲ್ಲ. ಕಾಫಿ ಕೊಟ್ಟು ಕಳುಹಿಸಿದೆ.

ಅಂಗೈ ಒತ್ತಿದಾಗ ತಿಳಿಯುವುದು ಎಳೆತ ಮಾತ್ರ. ಕಸವನ್ನು ಹೊತ್ತೊಯ್ಯುವುದು ಗಾಳಿಯ ಹರಿವು. ಬಾಯಿ ಮುಚ್ಚಿದ ಕೊಳವೆಯಲ್ಲಿ ಗಾಳಿ ಹರಿಯುವುದೇ ಇಲ್ಲ. ಹರಿಯದ ಗಾಳಿಗೆ ಯಂತ್ರದೊಳಗಿನ, ಪುಡಿ ಮೆತ್ತಿದ ಬಟ್ಟೆ ಚೀಲ ಅಡ್ಡಿಯಾಗುವುದೂ ಇಲ್ಲ. ಹೀಗಾಗಿ ಚೀಲ ಪೂರ್ತಿ ಕಟ್ಟಿಕೊಂಡಿದ್ದರೂ ಅಂಗೈಗೆ ಜೋರಾದ ಎಳೆತವೇ ಸಿಗಬಹುದು. ಎರಡನ್ನೂ ಬೇರೆಬೇರೆಯಾಗಿ ಅಳೆಯಬೇಕು.

ಮೊದಲು ಎಳೆತ. ಗಾರೆ ಕೆಲಸದವರು ಮಟ್ಟ ನೋಡುವ ಪಾರದರ್ಶಕ ಪೈಪು 8 ಮೀಟರ್ ಬೇಕು. ಒಂದು ತುದಿಯನ್ನು ಬಕೆಟ್ಟಿನ ನೀರಿನಲ್ಲಿ ಮುಳುಗಿಸಿ. ನೀರಿಗೆ ಬಟ್ಟೆಯ ನೀಲಿ ಎರಡು ಹನಿ ಹಾಕಿದರೆ ಓದಲು ಸುಲಭ. ಪೈಪನ್ನು ಮಹಡಿ ಮೆಟ್ಟಿಲಿನ ಕಂಬಿಗೆ ಕಟ್ಟಿ 3 ಮೀಟರ್ ಎತ್ತರಕ್ಕೆ ಒಯ್ದು, ಅಲ್ಲಿಂದ ಯಂತ್ರದ ಕಡೆಗೆ ಇಳಿಸಿ. ಈ ಎತ್ತರದಲ್ಲಿ ಚೌಕಾಸಿ ಬೇಡ: ಮನೆಬಳಕೆಯ ಯಂತ್ರ ನೀರನ್ನು ಎರಡು ಮೀಟರಿಗೂ ಮೇಲೆ ಎಳೆಯಬಲ್ಲದು, ಆ ನೀರು ಮೋಟಾರಿಗೆ ಹೋದರೆ ರಿಪೇರಿಯ ಹುಡುಗನ ಮಾತೇ ನಿಜವಾಗುತ್ತದೆ. ಇನ್ನೊಂದು ತುದಿಯನ್ನು ನಾನು ಹಳೆಯ ಹವಾಯಿ ಚಪ್ಪಲಿಯ ಅಟ್ಟೆಗೆ ತೂತು ಮಾಡಿ ಬಿಗಿಯಾಗಿ ತೂರಿಸಿದೆ. ಅಟ್ಟೆಯನ್ನು ಯಂತ್ರದ ಬಾಯಿಗಿಟ್ಟರೆ ಅದು ತಾನೇ ಅದನ್ನು ಕಚ್ಚಿಕೊಳ್ಳುತ್ತದೆ. ನೀರು ನಿಂತ ಕೂಡಲೇ ಬಕೆಟ್ಟಿನ ನೀರಿನ ಮಟ್ಟದಿಂದ ಎತ್ತರ ಅಳೆದುಕೊಂಡು ಯಂತ್ರ ಆರಿಸಿ. ಐದಾರು ಸೆಕೆಂಡು ಸಾಕು, ಏಕೆಂದರೆ ಇಂಥ ಯಂತ್ರಗಳಲ್ಲಿ ಮೋಟಾರನ್ನು ತಂಪಾಗಿಡುವುದೂ ಅದೇ ಹರಿಯುವ ಗಾಳಿ. ಬಾಯಿ ಮುಚ್ಚಿದಾಗ ಶಬ್ದ ಕೀರಲಾಗುವುದನ್ನು ಕೇಳಿ ಮೋಟಾರು ಒದ್ದಾಡುತ್ತಿದೆ ಎಂದು ಎಲ್ಲರೂ ಭಾವಿಸುತ್ತಾರೆ. ವಾಸ್ತವದಲ್ಲಿ ತಳ್ಳಲು ಗಾಳಿಯಿಲ್ಲದೆ ಹೊರೆ ಇಳಿದು ಅದು ಇನ್ನೂ ವೇಗವಾಗಿ ತಿರುಗುತ್ತಿರುತ್ತದೆ.

ಕೊಳವೆ ಕಳಚಿ ಯಂತ್ರದ ಬಾಯಿಗೇ ಅಟ್ಟೆ ಇಟ್ಟಾಗ ನೀರು 2.05 ಮೀಟರ್ ಏರಿತು. ಒಂದು ಮೀಟರ್ ನೀರೆಂದರೆ ಒತ್ತಡದ ಲೆಕ್ಕದಲ್ಲಿ 9.8 ಕಿಲೋಪಾಸ್ಕಲ್, ಅಂದರೆ ನನ್ನ ಯಂತ್ರದ್ದು ಇಪ್ಪತ್ತು ಚಿಲ್ಲರೆ. ಕೈಪಿಡಿಯಲ್ಲಿ 23 ಎಂದಿದೆ. ಆದರೆ ನಾನಿರುವ ಮೈಸೂರು ಸಮುದ್ರಮಟ್ಟದಿಂದ ಸುಮಾರು 760 ಮೀಟರ್ ಮೇಲಿದೆ, ಇಲ್ಲಿನ ತೆಳು ಗಾಳಿಯೇ ಎಳೆತದಲ್ಲಿ ನೂರಕ್ಕೆ ಎಂಟರಷ್ಟು ತಿನ್ನುತ್ತದೆ. ಆ ಸಂಜೆ ವೋಲ್ಟೇಜೂ ಇಳಿದು 218 ಇತ್ತು. ಮಂಗಳೂರಿನವರಿಗೆ ಈ ಮೊದಲ ರಿಯಾಯಿತಿ ಇಲ್ಲ. ಒಟ್ಟಿನಲ್ಲಿ ಮೋಟಾರು ಗಟ್ಟಿಯಾಗಿತ್ತು.

ಕೊಳವೆ ಜೋಡಿಸಿ ಅದರ ತುದಿಯಲ್ಲಿ ಅಳೆದರೆ ಬರೀ 1.60. ಗಾಳಿ ಹರಿಯದಿರುವಾಗ ಎರಡು ಕಡೆಯೂ ಒಂದೇ ಅಳತೆ ಬರಬೇಕಿತ್ತು. ಬರಲಿಲ್ಲವೆಂದರೆ ನಡುವೆ ಎಲ್ಲೋ ಹೊರಗಿನ ಗಾಳಿ ನುಗ್ಗುತ್ತಿದೆ.

ಈಗ ಹರಿವು. ಪ್ಯಾಕಿಂಗ್ ಸಾಮಾನಿನ ಅಂಗಡಿಯಲ್ಲಿ ಪಾಲಿಥಿನ್ ಟ್ಯೂಬನ್ನು ಮೀಟರ್ ಲೆಕ್ಕದಲ್ಲಿ ಕೊಡುತ್ತಾರೆ. 90 ಸೆಂಟಿಮೀಟರ್ ಅಗಲದ್ದು ಎರಡು ಮೀಟರ್ ತಂದೆ. ಮಡಿಚಿದ ಅಗಲವನ್ನು ಅದರಿಂದಲೇ ಗುಣಿಸಿ 3.14ರಿಂದ ಭಾಗಿಸಿದರೆ ಉಬ್ಬಿದ ಟ್ಯೂಬಿನ ಅಡ್ಡಕೊಯ್ತದ ವಿಸ್ತೀರ್ಣ ಸಿಗುತ್ತದೆ; ಅದನ್ನು ಉದ್ದದಿಂದ ಗುಣಿಸಿ, ಗಂಟು ಹಾಕಿದ ತುದಿಗಳನ್ನು ಕಳೆದರೆ ನನ್ನದು ಸುಮಾರು 440 ಲೀಟರ್. ಒಂದು ತುದಿ ಗಂಟು ಹಾಕಿ, ಇನ್ನೊಂದನ್ನು ಕೊಳವೆಯ ಬಾಯಿಗೆ ಸೈಕಲ್ ಟ್ಯೂಬಿನ ಪಟ್ಟಿಯಿಂದ ಬಿಗಿಯಿರಿ. ಒಳಗೆ ಬಾಯಿಯ ಎದುರು ಟೀ ಸೋಸುವ ಜಾಲರಿಯೊಂದನ್ನು ಕಟ್ಟಿ, ಇಲ್ಲದಿದ್ದರೆ ಪಾಲಿಥಿನ್ ಬೇಗನೆ ಬಾಯಿಗೆ ಅಂಟುತ್ತದೆ. ಕೊಳವೆಯನ್ನು ಯಂತ್ರದ ಊದುವ ಕಿಂಡಿಗೆ ಸಿಕ್ಕಿಸಿ ಚೀಲ ಉಬ್ಬಿಸಿ, ಕತ್ತು ಹಿಂಡಿ ಹಿಡಿದು, ಕೊಳವೆಯನ್ನು ಎಳೆಯುವ ಬಾಯಿಗೆ ಬದಲಿಸಿ. ಯಂತ್ರ ಹಾಕಿ ವೇಗ ಹಿಡಿಯಲು ಎರಡು ಸೆಕೆಂಡು ಬಿಟ್ಟು, ಕತ್ತು ಸಡಿಲಿಸುತ್ತಲೇ ಮೊಬೈಲಿನ ಗಡಿಯಾರ ಒತ್ತಿ. ಚೀಲ ಸೊರಗಿ ಶಬ್ದ ಬದಲಾದಾಗ ನಿಲ್ಲಿಸಿ. ಮೂರು ಸಲ ಮಾಡಿ ನಡುವಿನ ಅಂಕಿ ಇಟ್ಟುಕೊಳ್ಳಿ, ಪಕ್ಕದಲ್ಲಿ ವೋಲ್ಟೇಜ್ ಬರೆಯಿರಿ.

ಬುದ್ಧಿವಂತಿಕೆ ತೋರಲು ಹೋಗಿ ನಾನು ಮೊದಲ ದಿನ ಊದುವ ಕಡೆಯಿಂದ ಚೀಲ ತುಂಬಲು ಎಷ್ಟು ಹೊತ್ತು ಬೇಕೆಂದಷ್ಟೇ ನೋಡಿದ್ದೆ. ಸೋರಿಕೆಯಲ್ಲಿ ನುಗ್ಗಿದ ಗಾಳಿಯೂ ಹಿಂದಿನಿಂದ ಹೊರಬರುತ್ತದೆ, ಆದ್ದರಿಂದ ಅಲ್ಲಿ ಅಂಕಿ ಚೆನ್ನಾಗಿಯೇ ಕಾಣುತ್ತದೆ. ವಿದ್ಯಾರ್ಥಿ ಹೀಗೆ ಮಾಡಿದ್ದರೆ ರೆಕಾರ್ಡ್ ಪುಸ್ತಕ ವಾಪಸ್ ಕೊಡುತ್ತಿದ್ದೆ.

ಎಳೆಯುವ ಕಡೆ ಮೊದಲ ಓದು 29 ಸೆಕೆಂಡು, ಅಂದರೆ ಸೆಕೆಂಡಿಗೆ 15 ಲೀಟರ್. ಬಟ್ಟೆ ಚೀಲ ಮತ್ತು ಮೋಟಾರಿನ ಮುಂದಿನ ಸ್ಪಂಜನ್ನು ತೊಳೆದು ಎರಡು ದಿನ ನೆರಳಿನಲ್ಲಿ ಒಣಗಿಸಿ ಹಾಕಿದೆ: 18 ಸೆಕೆಂಡು. ದೊಡ್ಡ ಕಳ್ಳ ಗೋಡೆಯ ಪುಡಿಯೇ. ನೇಯ್ಗೆಯ ಸಂದಿನಲ್ಲಿ ಕೂತ ಅದು ಕೊಡವಿದರೆ ಹೋಗುವುದಿಲ್ಲ, ನಾನು ಮೂರು ನೀರು ಬದಲಿಸಬೇಕಾಯಿತು.

ಸೋರಿಕೆ ಹುಡುಕಲು ಕೆಲವರು ಊದಿನಕಡ್ಡಿ ಹಿಡಿಯುತ್ತಾರೆ. ಬೇಡ. ಕಿಡಿ ಒಳಗೆ ಹೋದರೆ ಧೂಳಿನ ಚೀಲಕ್ಕೆ ಬೆಂಕಿ ಹತ್ತುತ್ತದೆ. ನಾನು ಹೂಬತ್ತಿಯಿಂದ ಒಂದೆಳೆ ಹತ್ತಿ ಕಿತ್ತು, ತುದಿ ಅರ್ಧ ಮುಚ್ಚಿದ ಕೊಳವೆಯ ಉದ್ದಕ್ಕೂ ನಿಧಾನವಾಗಿ ಸರಿಸಿದೆ. ಹಿಡಿಕೆಯಿಂದ ನಾಲ್ಕು ಬೆರಳು ಕೆಳಗೆ, ಕೊಳವೆ ಸದಾ ಬಾಗುವ ಜಾಗದಲ್ಲಿ, ಎಳೆ ತಟ್ಟನೆ ಒಳಮುಖವಾಯಿತು. ಸುರುಳಿಯ ಮಡಿಕೆಯಲ್ಲಿ ಉಗುರಿನಷ್ಟುದ್ದದ ಬಿರುಕು. ಕೊಳವೆ ನೆಟ್ಟಗಿದ್ದಾಗ ಕಣ್ಣಿಗೆ ಬೀಳುತ್ತಿರಲಿಲ್ಲ. ಟೇಪ್ ಸುತ್ತಿದ ಮೇಲೆ ತುದಿಯ ನೀರು ಎರಡು ಮೀಟರ್ ಮುಟ್ಟಿತು, ಚೀಲ 15.5 ಸೆಕೆಂಡಿನಲ್ಲಿ ಖಾಲಿಯಾಯಿತು.

ಕೊಳವೆಯನ್ನೇ ಬಿಟ್ಟು ಯಂತ್ರದ ಬಾಯಿಗೆ ಚೀಲ ಕಟ್ಟಿದರೆ 13. ಈ ಎರಡೂವರೆ ಸೆಕೆಂಡು ದೋಷವಲ್ಲ, ಸುರುಳಿ ಕೊಳವೆಯೊಳಗಿನ ಉಜ್ಜುವಿಕೆ ವಸೂಲಿ ಮಾಡುವ ಸುಂಕ. ಅದನ್ನು ತಪ್ಪಿಸಲಾಗದು. 15.5 ಎಂಬ ಅಂಕಿಯನ್ನು ಯಂತ್ರದ ಮುಚ್ಚಳದ ಒಳಬದಿಗೆ ಮಾರ್ಕರಿನಿಂದ ಬರೆದಿಟ್ಟಿದ್ದೇನೆ. 20 ದಾಟಿದ ದಿನ ಬಟ್ಟೆ ಚೀಲ ತೊಳೆಯುವುದು. ಅವಲಕ್ಕಿಯನ್ನು ಈಗ ಎತ್ತುತ್ತದೆ, ಜೊತೆಗೆ ಒಮ್ಮೆ ಮೊಮ್ಮಗಳ ಓಲೆಯ ತಿರುಪನ್ನೂ ಎತ್ತಿತು. ಚೀಲ ಬಿಚ್ಚಿ ಹುಡುಕಿದೆವು.